ಡಿಎಲ್ ಸಸ್ಪೆಂಡ್ ಆಗಿದೆ, ಸ್ವಂತ ಕಾರೂ ಇಲ್ಲ. ನನ್ನ ಹೆಸರಿಗೇ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಬಹುದಾ?

ಒಂಬತ್ತನೇ_ಬ್ಲಾಕ್ ಕೇಳಿದ್ದು:

ವಿಷಯ ಇಷ್ಟು. ಕುಡಿದು ಓಡಿಸಿದ್ದಕ್ಕೆ ಸೆಕ್ಷನ್ 185ರ ಕೇಸ್, ಕೋರ್ಟಲ್ಲಿ 10,000 ರೂ. ದಂಡ ಕಟ್ಟಿ ಆಯ್ತು. ಆಮೇಲೆ ಆರ್‌ಟಿಒ ನೋಟಿಸ್, ವಿಚಾರಣೆ, 3 ತಿಂಗಳು ಡಿಎಲ್ ಸಸ್ಪೆಂಡ್. ಇನ್ನೂ 7 ವಾರ ಬಾಕಿ. ಇದ್ದ ಕಾರನ್ನ (1197 ಸಿಸಿ, ಪೆಟ್ರೋಲ್) ಹೋದ ತಿಂಗಳು ಮಾರಿದ್ದೀನಿ. ಸದ್ಯಕ್ಕೆ ಇನ್ನೊಂದು ತಗೊಳ್ಳೋ ಯೋಚನೆ ಇಲ್ಲ. ಬೇಕಾದಾಗ ಭಾವನ ಕಾರು, ಇಲ್ಲಾಂದ್ರೆ ಸೆಲ್ಫ್ ಡ್ರೈವ್ ಬಾಡಿಗೆ ಕಾರು.

ತಮ್ಮ ಸ್ಯಾನ್ ಹೊಸೆಯಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಸಸ್ಪೆಂಡ್ ಆದವರು ಕಾರಿಲ್ಲದಿದ್ದರೂ ತಮ್ಮ ಹೆಸರಿಗೇ ಪಾಲಿಸಿ ತಗೊಂಡು, ಎಸ್‌ಆರ್-22 ಅಂತ ಒಂದು ಫಾರ್ಮ್ ಹಾಕಿಸಿ ಲೈಸೆನ್ಸ್ ವಾಪಸ್ ಪಡೀತಾರಂತೆ. ಇಲ್ಲೂ ಅಂಥದ್ದಿದೆಯಾ ಅಂತ ಒಬ್ಬ ಏಜೆಂಟ್‌ನ ಕೇಳಿದೆ. ‘ಡ್ರೈವರ್ ಪಾಲಿಸಿ ಇದೆ ಸರ್, ಯಾವ ಗಾಡಿ ಓಡಿಸಿದ್ರೂ ಕವರ್’ ಅಂತ ವರ್ಷಕ್ಕೆ 1,100 ರೂಪಾಯಿಯ ಕೊಟೇಶನ್ ಕಳಿಸಿದಾರೆ. ತಗೊಳ್ಳಬಹುದಾ? ತುರ್ತು ಅಂತ ಈ 7 ವಾರದೊಳಗೆ ಒಂದೆರಡು ಸಲ ಓಡಿಸಿದರೆ ಅದು ಕೆಲಸಕ್ಕೆ ಬರುತ್ತಾ?

—

ಪಾಲಿಸಿ_ಪೂರ್ತಿ_ಓದಿ:

ಇಲ್ಲ, ನಮ್ಮಲ್ಲಿ ಅಂಥ ಪಾಲಿಸಿ ಇಲ್ಲ. ಇಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಕೊಡೋ ವಿಮೆ, ಅಂಟಿಕೊಳ್ಳೋದು ಗಾಡಿಗೆ, ಮನುಷ್ಯನಿಗಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146 ಕೇಳೋದು ಒಂದೇ: ರಸ್ತೆಗೆ ಇಳಿದ ಈ ಗಾಡಿಗೆ ಪಾಲಿಸಿ ಇದೆಯಾ? ಸ್ಟೀರಿಂಗ್ ಹಿಡಿದವನ ಹೆಸರಲ್ಲಿ ಪಾಲಿಸಿ ಇದೆಯಾ ಅಂತ ಅದು ಎಲ್ಲೂ ಕೇಳಲ್ಲ. ಎಂಜಿನ್ ನಂಬರ್, ಚಾಸಿ ನಂಬರ್ ಇಲ್ಲದೆ ಯಾವ ಕಂಪನಿಯ ಕಂಪ್ಯೂಟರೂ ಮೋಟಾರ್ ಪಾಲಿಸಿ ಹುಟ್ಟಿಸಲ್ಲ.

ಏಜೆಂಟ್ ಕಳಿಸಿದ ಪಿಡಿಎಫ್ ತೆಗೆದು ಮೊದಲ ಪುಟ ನೋಡಿ. ಎಂಜಿನ್ ಮತ್ತು ಚಾಸಿ ನಂಬರಿನ ಕಾಲಂ ಇದೆಯಾ? ಇಲ್ಲದಿದ್ದರೆ, ಅದರ ಜಾಗದಲ್ಲಿ ನಾಮಿನಿ ಹೆಸರು, ‘ಸಾವು’, ‘ಶಾಶ್ವತ ಅಂಗವೈಕಲ್ಯ’ ಅಂತೆಲ್ಲ ಇದ್ದರೆ, ಅದು ವೈಯಕ್ತಿಕ ಅಪಘಾತ ವಿಮೆ, ಅಂದರೆ ಪಿಎ. ನಿಮಗೆ ಏಟಾದರೆ ನಿಮಗೋ ನಿಮ್ಮ ಮನೆಯವರಿಗೋ ದುಡ್ಡು ಬರುತ್ತೆ. ನೀವು ಗುದ್ದಿದ ಸ್ಕೂಟರಿನವನಿಗೆ ಅದರಿಂದ ಒಂದು ಪೈಸೆಯೂ ಹೋಗಲ್ಲ. ‘ಯಾವ ಗಾಡಿ ಓಡಿಸಿದ್ರೂ ಕವರ್’ ಅನ್ನೋ ಮಾತು ಆ ಅರ್ಥದಲ್ಲಿ ಸುಳ್ಳಲ್ಲ, ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ.

ಆದರೂ ಪಿಎ ವ್ಯರ್ಥ ಅಂತ ನಾನು ಹೇಳಲ್ಲ. ಕಾರಿನ ಪಾಲಿಸಿ ಜೊತೆ ಬರೋ 15 ಲಕ್ಷದ ಕಡ್ಡಾಯ ಪಿಎ ಇರೋದು ಆರ್‌ಸಿಯಲ್ಲಿ ಹೆಸರಿರೋ ಮಾಲೀಕರಿಗೆ. ಭಾವನ ಕಾರನ್ನ ನೀವು ಓಡಿಸಿ ನಿಮ್ಮ ಕಾಲು ಮುರಿದರೆ ಅದು ನಿಮಗಿಲ್ಲ. ಥರ್ಡ್ ಪಾರ್ಟಿ ಅಂತ ಕ್ಲೇಮ್ ಹಾಕೋಕೂ ಆಗಲ್ಲ, ಯಾಕಂದ್ರೆ ಗಾಡಿ ಎರವಲು ತಗೊಂಡವನು ಮಾಲೀಕನ ಜಾಗದಲ್ಲಿ ನಿಂತ ಹಾಗೆ. ನಮ್ಮ ರಾಜ್ಯದಿಂದಲೇ ಹೋದ ನಿಂಗಮ್ಮ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅದು ಎರವಲು ಬೈಕಿನ ಪ್ರಕರಣ. ಹಾಗಾಗಿ ಬೇರೆಯವರ ಗಾಡಿ ಓಡಿಸೋರು ಸ್ವಂತಕ್ಕೊಂದು ಪಿಎ ಇಟ್ಕೊಂಡರೆ ಒಳ್ಳೇದು. ‘ಸರಳ ಸುರಕ್ಷಾ ಬಿಮಾ’ ಅನ್ನೋ ಸ್ಟ್ಯಾಂಡರ್ಡ್ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, 2.5 ಲಕ್ಷದಿಂದ 1 ಕೋಟಿವರೆಗೆ ತಗೊಳ್ಳಬಹುದು. ಅದರ ನಿಯಮ ಎಲ್ಲ ಕಂಪನಿಗೂ ಒಂದೇ, ದರ ಮಾತ್ರ ಬೇರೆ ಬೇರೆ. ಆ 1,100 ರೂಪಾಯಿಯನ್ನ ಅದರ ಪಕ್ಕ ಇಟ್ಟು ನೋಡಿ.

ಇನ್ನೊಂದು ಮಾತು. ಅಮೆರಿಕದಲ್ಲಿ ಕುಡಿದು ಸಿಕ್ಕಿಬಿದ್ದವನ ಪ್ರೀಮಿಯಂ ಏರುತ್ತೆ. ಇಲ್ಲಿ ಥರ್ಡ್ ಪಾರ್ಟಿ ದರ ಸರ್ಕಾರ ಕಟ್ಟಿದ್ದು, ಎಂಜಿನ್ ಗಾತ್ರದ ಮೇಲೆ. ಖಾಸಗಿ ಕಾರಿಗೆ 1000 ಸಿಸಿವರೆಗೆ 2,094, 1000ದಿಂದ 1500ಕ್ಕೆ 3,416, ಅದರ ಮೇಲೆ 7,897 ರೂ., ಜಿಎಸ್‌ಟಿ ಬೇರೆ. 2022ರ ಜೂನ್‌ನಲ್ಲಿ ಬಂದ ಪಟ್ಟಿ ಇದು. ನಿಮ್ಮ ಕೇಸಿನ ವಿಷಯ ಇಲ್ಲಿ ಲೆಕ್ಕಕ್ಕೇ ಬರಲ್ಲ. ಟ್ರಾಫಿಕ್ ಉಲ್ಲಂಘನೆಗೆ ಬೇರೆ ಪ್ರೀಮಿಯಂ ಹಾಕಬೇಕು ಅಂತ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಕಾರ್ಯತಂಡ 2021ರಲ್ಲಿ ಶಿಫಾರಸು ಮಾಡಿತ್ತು. ಆದರೆ ಮೇಲಿನ ಪಟ್ಟಿ ಓಡಿಸೋರ ಟ್ರಾಫಿಕ್ ದಾಖಲೆ ನೋಡಲ್ಲ.

7 ವಾರದೊಳಗೆ ಓಡಿಸೋ ಮಾತು ಬಿಡಿ ಸರ್. ಅದಕ್ಕೆ ವಕೀಲರೇ ಯಾರಾದರೂ ಉತ್ತರ ಹೇಳಲಿ.

—

ಎಂವಿಸಿ_ಕಟ್ಟೆ:

ಹೇಳ್ತೀನಿ. ಭಾವನ ಪಾಲಿಸಿ ಶೆಡ್ಯೂಲಿನಲ್ಲಿ ಚಾಲಕನ ಬಗ್ಗೆ ಎರಡು ಸಾಲು ಇರುತ್ತೆ, ಯಾವ ಕಂಪನಿಯದಾದರೂ ಹೆಚ್ಚೂಕಡಿಮೆ ಅದೇ ಮಾತು. ವಿಮೆ ಮಾಡಿಸಿದವರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಆದರೆ ಓಡಿಸುವವರ ಬಳಿ ಅಪಘಾತದ ಹೊತ್ತಿಗೆ ‘ಚಾಲ್ತಿಯಲ್ಲಿರುವ’ ಲೈಸೆನ್ಸ್ ಇರಬೇಕು ಮತ್ತು ಅವರು ಲೈಸೆನ್ಸ್ ಹೊಂದಲು ಅನರ್ಹರಾಗಿರಬಾರದು. ನಿಮ್ಮ ವಿಚಾರದಲ್ಲಿ ಎರಡೂ ತಪ್ಪುತ್ತೆ. ಸೆಕ್ಷನ್ 23ರ ಪ್ರಕಾರ ಅನರ್ಹತೆಯ ಅವಧಿಯಲ್ಲಿ ಲೈಸೆನ್ಸ್ ಕಾರ್ಡ್ ಜೇಬಲ್ಲಿದ್ದರೂ ಅದಕ್ಕೆ ಬಲ ಇಲ್ಲ.

ಗಾಡಿ ಮುಂದೆ ಹೋಗಿ ಯಾರಿಗಾದರೂ ಏಟಾಯ್ತು ಅಂತಿಟ್ಟುಕೊಳ್ಳಿ. ಬೆಂಗಳೂರಲ್ಲಿ ಕ್ಲೇಮ್ ಅರ್ಜಿ ಹೋಗೋದು ಸ್ಮಾಲ್ ಕಾಸಸ್ ಕೋರ್ಟಿಗೆ, ಅಪಘಾತ ಆದ 6 ತಿಂಗಳೊಳಗೆ. ಇನ್ಶೂರೆನ್ಸ್ ಕಂಪನಿ ವಕೀಲರು ಮೊದಲು ಮಾಡೋ ಕೆಲಸ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರ್ಯಾಕ್ಟ್, ಅಂದರೆ ಲೈಸೆನ್ಸ್ ದಾಖಲೆಯ ಪ್ರತಿ, ತರಿಸೋದು. ಸಸ್ಪೆನ್ಶನ್ ಯಾವತ್ತಿಂದ ಯಾವತ್ತಿನವರೆಗೆ ಅಂತ ಅದರಲ್ಲಿ ಇರುತ್ತೆ. ಅನರ್ಹ ವ್ಯಕ್ತಿ ಓಡಿಸುತ್ತಿದ್ದ ಅನ್ನೋದು ಸೆಕ್ಷನ್ 150ರಲ್ಲಿ ಕಂಪನಿಗೆ ಕೊಟ್ಟಿರೋ ನೇರ ತಕರಾರು. 2019ರ ತಿದ್ದುಪಡಿ ಅದರ ಪಕ್ಕಕ್ಕೇ ಕುಡಿದು ಓಡಿಸೋದನ್ನೂ ಸೇರಿಸಿದೆ.

‘ಏನೇ ಆದರೂ ಥರ್ಡ್ ಪಾರ್ಟಿಗೆ ಕಂಪನಿ ಕೊಟ್ಟೇ ಕೊಡುತ್ತೆ ಬಿಡಿ’ ಅನ್ನೋ ಮಾತು ಟೀ ಅಂಗಡಿಯಲ್ಲಿ ಕೇಳಿರ್ತೀರಿ. ಅರ್ಧ ಸತ್ಯ ಅದು. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ‘ಕೊಡು, ಆಮೇಲೆ ವಸೂಲಿ ಮಾಡಿಕೋ’ ಅನ್ನೋ ಆದೇಶ ರೂಢಿಗೆ ಬಂತು. ಗಾಯಗೊಂಡವರಿಗೆ ಕಂಪನಿ ದುಡ್ಡು ಕಟ್ಟುತ್ತೆ, ಕಟ್ಟಿದ್ದನ್ನ ಮಾಲೀಕರಿಂದ ವಸೂಲಿ ಮಾಡುತ್ತೆ. ಅದಕ್ಕೆ ಹೊಸದಾಗಿ ದಾವೆ ಹೂಡೋ ಅಗತ್ಯವೂ ಇಲ್ಲ, ಅದೇ ಆದೇಶ ಹಿಡಿದು ಎಕ್ಸಿಕ್ಯೂಷನ್ (ಜಾರಿ ಅರ್ಜಿ) ಹಾಕುತ್ತೆ. ಲೆಕ್ಕ ನೋಡಿ: 20 ಲಕ್ಷ ಪರಿಹಾರ, ವರ್ಷಕ್ಕೆ ಶೇ 6 ಬಡ್ಡಿ, ಕೇಸ್ 3 ವರ್ಷ ನಡೆದರೆ 23.6 ಲಕ್ಷ. ನೋಟಿಸ್ ಹೋಗೋದು ಭಾವನ ಮನೆಗೆ. ಕಾರಿನ ಸ್ವಂತ ಡ್ಯಾಮೇಜ್ ಕ್ಲೇಮಂತೂ ಪೂರ್ತಿ ತಿರಸ್ಕೃತ, ಅದರಲ್ಲಿ ಕೊಟ್ಟು ವಸೂಲಿ ಮಾಡೋ ಪ್ರಶ್ನೆ ಇಲ್ಲ.

ಮಾಲೀಕರಿಗೆ ಒಂದು ರಕ್ಷಣೆ ಇದೆ. ಲೈಸೆನ್ಸ್ ವಿಷಯದಲ್ಲಿ ಅವರು ಬೇಜವಾಬ್ದಾರಿ ತೋರಿದ್ದಾರೆ ಅಂತ ಸಾಬೀತು ಮಾಡೋ ಹೊರೆ ಕಂಪನಿಯದು, ಸ್ವರಣ್ ಸಿಂಗ್ ತೀರ್ಪಲ್ಲೇ ಇದೆ. ಆದರೆ ಭಾವನಿಗೆ ನಿಮ್ಮ ಸಸ್ಪೆನ್ಶನ್ ಗೊತ್ತಿಲ್ಲ ಅಂತ ಯಾವ ನ್ಯಾಯಾಧೀಶರು ನಂಬ್ತಾರೆ? ಗೊತ್ತಿದ್ದೂ ಕೀ ಕೊಟ್ಟರೆ ಸೆಕ್ಷನ್ 5 ಮತ್ತು 180, ಅವರಿಗೆ 5,000 ರೂ. ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ನಿಮಗೆ ಸೆಕ್ಷನ್ 182, ಅಂದರೆ 10,000 ಅಥವಾ 3 ತಿಂಗಳು ಅಥವಾ ಎರಡೂ.

ಬೇರೆ ಜಿಲ್ಲೆಗೆ ಹೋಗಿ ಹೊಸದಾಗಿ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿಕೊಳ್ಳಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅನರ್ಹ ಅವಧಿಯಲ್ಲಿ ಅರ್ಜಿ ಹಾಕೋದೂ ಅದೇ 182ರ ಅಪರಾಧ, ಹಾಗೆ ಸಿಕ್ಕ ಲೈಸೆನ್ಸ್ ಊರ್ಜಿತವೂ ಅಲ್ಲ. ಸಸ್ಪೆನ್ಶನ್ ಆದೇಶ ತಪ್ಪು ಅನ್ನಿಸಿದರೆ ಮೇಲ್ಮನವಿ ಇದೆ, ಆದೇಶ ಕೈಸೇರಿದ 30 ದಿನದೊಳಗೆ. ನಿಮ್ಮದರಲ್ಲಿ 7 ವಾರ ಉಳಿದಿದೆ ಅಂದರೆ ಆ ಗಡುವು ಹೆಚ್ಚೂಕಡಿಮೆ ದಾಟಿದೆ.

ತುರ್ತು ಇದ್ದರೆ ಆ್ಯಕ್ಟಿಂಗ್ ಡ್ರೈವರ್, ಅಂದರೆ ಆ ಹೊತ್ತಿಗೆ ಮಾತ್ರ ಸಂಬಳಕ್ಕೆ ಬರೋ ಡ್ರೈವರ್, ಕರೆಸಿ. ಭಾವನ ಪಾಲಿಸಿಯಲ್ಲಿ ‘ಪೇಯ್ಡ್ ಡ್ರೈವರ್ ಲೀಗಲ್ ಲಯಬಿಲಿಟಿ’, ಐಎಂಟಿ 28 (ಆ ಕವರಿನ ನಂಬರ್) ಅಂತ ಇದೆಯಾ ನೋಡಿ, ವರ್ಷಕ್ಕೆ 50 ರೂಪಾಯಿಯ ಬಾಬ್ತು. ಸಂಬಳದ ಡ್ರೈವರ್‌ಗೇ ಏಟಾದರೆ ಮಾಲೀಕರ ಮೇಲೆ ಬೀಳೋ ಹೊಣೆಗೆ ಅದು ಬೇಕು.

—

ಒಂಬತ್ತನೇ_ಬ್ಲಾಕ್:

ಇಬ್ಬರಿಗೂ ಧನ್ಯವಾದ. ಪಿಡಿಎಫ್ ನೋಡಿದೆ, ಎಂಜಿನ್ ನಂಬರ್ ಕಾಲಂ ಇಲ್ಲ, ನಾಮಿನಿ ಕಾಲಂ ಇದೆ. ಪಿಎ ಅಂತ ಗೊತ್ತಾಯ್ತು. ಈ 7 ವಾರ ಮೆಟ್ರೋನೇ ಗತಿ. ಸಸ್ಪೆನ್ಶನ್ ಮುಗಿದ ಮೇಲೆ ಏನೇನು ನೋಡ್ಕೋಬೇಕು? ಏನಾದರೂ ಆದರೆ ಎಲ್ಲ ಖರ್ಚು ನನ್ನದು ಅಂತ ಭಾವನಿಗೆ ಒಂದು ಸ್ಟ್ಯಾಂಪ್ ಪೇಪರಲ್ಲಿ ಬರೆದುಕೊಟ್ಟರೆ ಆಗುತ್ತಾ?

—

ಬಿ_ಎಕ್ಸ್‌ಟ್ರ್ಯಾಕ್ಟ್:

ಸ್ಟ್ಯಾಂಪ್ ಪೇಪರ್ ನಿಮ್ಮಿಬ್ಬರ ನಡುವೆ ಮಾತ್ರ. ಗಾಯಗೊಂಡವರನ್ನೂ ಕಂಪನಿಯನ್ನೂ ಅದು ಕಟ್ಟಿಹಾಕಲ್ಲ. ಭಾವ 23 ಲಕ್ಷ ಕಟ್ಟಿ ಆಮೇಲೆ ನಿಮ್ಮ ಮೇಲೆ ದಾವೆ ಹೂಡಬಹುದು, ಅಷ್ಟೇ ಅದರ ಉಪಯೋಗ. ಅಕ್ಕನ ಮುಖ ನೋಡೋದು ಬೇಡ್ವಾ?

ಮೊದಲು ಡಿಎಲ್ ವಾಪಸ್ ಬರೋ ಕಥೆ. 3 ತಿಂಗಳು ಮುಗಿದ ಮಾರನೇ ದಿನ ತಾನಾಗೇ ಸರಿಹೋಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಸೆಕ್ಷನ್ 19ಕ್ಕೆ 2019ರಲ್ಲಿ ಸೇರಿದ ಉಪವಿಧಿ ಬೇರೆ ಹೇಳುತ್ತೆ: ರಿಫ್ರೆಶರ್ ತರಬೇತಿ ಮುಗಿಸಿದರೆ ಮಾತ್ರ ಲೈಸೆನ್ಸ್ ವಾಪಸ್. ಆ ತರಬೇತಿ ಸೆಕ್ಷನ್ 12ರಡಿ ಲೈಸೆನ್ಸ್ ಇರೋ ಡ್ರೈವಿಂಗ್ ಸ್ಕೂಲಿನದೋ ಸರ್ಕಾರ ಅಧಿಸೂಚಿಸಿದ ಸಂಸ್ಥೆಯದೋ ಆಗಿರಬೇಕು. ಬೀದಿ ಕೊನೆಯ ಸ್ಕೂಲು ಕೊಟ್ಟ ಲೆಟರ್‌ಹೆಡ್ ಸಾಲದು. ನಿಮಗೆ 7 ವಾರ ಇದೆ, ಈಗಲೇ ಸಸ್ಪೆನ್ಶನ್ ಆದೇಶದ ಪ್ರತಿ ಹಿಡಿದು ಅದೇ ಕಚೇರಿಗೆ ಹೋಗಿ ಯಾರ ಸರ್ಟಿಫಿಕೇಟ್ ಒಪ್ತೀರಿ ಅಂತ ಕೇಳಿಬನ್ನಿ. ಕೊನೇ ದಿನ ಕೇಳಿದರೆ ಇನ್ನೆರಡು ವಾರ ಕಾಲ್ನಡಿಗೆ. ಜೊತೆಗೆ ಆದೇಶದಲ್ಲಿ ಎಲ್ಲ ವರ್ಗದ ವಾಹನ ಅಂತಿದೆಯಾ, ಕಾರು ಮಾತ್ರ ಅಂತಿದೆಯಾ ಓದಿ. ಎಲ್ಲ ವರ್ಗ ಅಂತಿದ್ದರೆ ಆ್ಯಕ್ಟಿವಾ ಕೂಡ ಮುಟ್ಟೋ ಹಾಗಿಲ್ಲ.

ಅವಧಿ ಮುಗಿದ ಮೇಲೆ ಲೈಸೆನ್ಸ್‌ಗೆ ಅಂತ ಇರೋ ಸರ್ಕಾರಿ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ತಾರೀಖು ಹಾಕಿ ಸ್ಟೇಟಸ್ ನೋಡಿ. ಕೈಗೆ ಕಾರ್ಡ್ ಬಂದರೂ ಕಂಪ್ಯೂಟರಲ್ಲಿ ಸಸ್ಪೆಂಡ್ ಅಂತಲೇ ಉಳಿದಿರೋದುಂಟು. ಪೊಲೀಸರ ಕೈಲಿರೋ ಸಾಧನವೂ ಕ್ಲೇಮಿನ ನಷ್ಟ ಅಳೆಯೋ ಸರ್ವೇಯರೂ ನೋಡೋದು ಕಂಪ್ಯೂಟರನ್ನೇ. ಆ್ಯಕ್ಟಿವ್ ಅಂತ ಬಂದ ದಿನ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣೋ ಹಾಗೆ. ಈ 3 ತಿಂಗಳಲ್ಲೇ ಡಿಎಲ್ ಅವಧಿ ಮುಗಿಯೋದಿದ್ದರೆ ಅದನ್ನೂ ನೋಡಿ, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್.

ಎರಡನೇದು ಭಾವನ ಕಾರು. ನಿಮ್ಮ ಹೆಸರಲ್ಲಿ ಪಾಲಿಸಿ ಸಿಗಲ್ಲ ಅಂದಮೇಲೆ ನಿಮ್ಮ ರಕ್ಷಣೆ ಪೂರ್ತಿ ಅವರ ಪಾಲಿಸಿಯಲ್ಲಿದೆ, ಆದ್ದರಿಂದ ಅದನ್ನ ಒಂದು ಸಲ ಕೂತು ಓದಿ. ಎಂಪರಿವಾಹನ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವತ್ತಿನವರೆಗೆ ಅಂತ ಬರುತ್ತೆ, ಆದರೆ ಅದಷ್ಟೇ ಸಾಲದು. ಹೊಸ ಕಾರುಗಳಿಗೆ ಥರ್ಡ್ ಪಾರ್ಟಿ 3 ವರ್ಷಕ್ಕೆ, ಓನ್ ಡ್ಯಾಮೇಜ್ (ಆ ಕಾರಿಗೇ ಆದ ನಷ್ಟದ ಕವರ್) 1 ವರ್ಷಕ್ಕೆ ಬಂದಿರುತ್ತೆ. ಎರಡಕ್ಕೂ ಬೇರೆ ಬೇರೆ ತಾರೀಖು. ‘ಇನ್ಶೂರೆನ್ಸ್ 2027ರವರೆಗೆ ಇದೆ’ ಅಂತ ಭಾವ ಹೇಳಿದ್ದು ಬರೀ ಥರ್ಡ್ ಪಾರ್ಟಿ ಇರಬಹುದು, ಬಂಪರ್ ಒಡೆದ ದಿನ ಗೊತ್ತಾಗೋದು ಬೇಡ.

ಆಮೇಲೆ ಎಲ್ಲರೂ ಹಾರಿಸಿಬಿಡೋ ಒಂದು ಸಾಲು ಇದೆ, ಟಿಪಿಪಿಡಿ. ಬೇರೆಯವರ ಆಸ್ತಿಗೆ ಆದ ನಷ್ಟದ ಮಿತಿ ಅದು. ಸಾವು, ಗಾಯಕ್ಕೆ ಮಿತಿ ಇಲ್ಲ, ಆದರೆ ಆಸ್ತಿಗೆ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ. ಪ್ರೀಮಿಯಂನಲ್ಲಿ 100 ರೂಪಾಯಿ ಉಳಿಸೋಕೆ ಕೆಲವರು ಅದನ್ನ 6,000 ರೂಪಾಯಿಗೆ ಇಳಿಸಿಬಿಟ್ಟಿರ್ತಾರೆ. ಔಟರ್ ರಿಂಗ್ ರೋಡಲ್ಲಿ ಮುಂದಿನ ಜರ್ಮನ್ ಕಾರಿಗೆ ತಾಗಿಸಿ 9 ಲಕ್ಷದ ಬಿಲ್ ಬಂತು ಅಂದರೆ, 7.5 ಇದ್ದವರಿಗೆ ಒಂದೂವರೆ ಲಕ್ಷ ಕೈಯಿಂದ, 6,000 ಇದ್ದವರಿಗೆ ಹೆಚ್ಚೂಕಡಿಮೆ ಪೂರ್ತಿ. ಭಾವನದು 6,000 ಅಂತಿದ್ದರೆ ರಿನ್ಯೂವಲ್‌ನಲ್ಲಿ ಏರಿಸೋಕೆ ಹೇಳಿ, ಆ 100 ರೂಪಾಯಿ ನೀವೇ ಕೊಡಿ.

ಬಾಡಿಗೆ ಕಾರು. ಸೆಲ್ಫ್ ಡ್ರೈವ್‌ಗೆ ಪರ್ಮಿಟ್ ಇರೋ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಪಾರ್ಕಿಂಗಲ್ಲಿ ನಿಮಗೆ ಕೀ ಕೊಡೋ ಗಾಡಿ ವೈಟ್ ಬೋರ್ಡ್ ಆಗಿದ್ದರೆ ಅದು ಖಾಸಗಿ ಕಾರು. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಅಂತ ಇರುತ್ತೆ, ಬಾಡಿಗೆಗೆ ಬಳಸಿದರೆ ಕವರ್ ಇಲ್ಲ ಅಂತ ಅದರಲ್ಲಿ ಬರೆದಿರುತ್ತೆ. ನಿಮ್ಮ ಡಿಎಲ್ ಎಷ್ಟೇ ಸರಿಯಿರಲಿ, ಅಲ್ಲಿ ಕಂಪನಿಗೆ ಬೇರೆ ತಕರಾರು ಸಿಕ್ಕಿತು. ಆ್ಯಪ್‌ನಲ್ಲಿ ಬುಕ್ ಮಾಡೋವಾಗ ‘ಪ್ರೊಟೆಕ್ಷನ್ ಪ್ಲಾನ್’ ಅಂತ 300–400 ತಗೊಳ್ತಾರಲ್ಲ, ಅದು ಹೆಚ್ಚಾಗಿ ಕಾರಿನ ಡ್ಯಾಮೇಜಿಗೆ ನಿಮ್ಮಿಂದ ಎಷ್ಟು ಕೀಳಬೇಕು ಅನ್ನೋ ಮಿತಿ. ಅದನ್ನ ಥರ್ಡ್ ಪಾರ್ಟಿ ವಿಮೆ ಅಂತ ಅಂದ್ಕೋಬೇಡಿ. ಕೀ ತಗೊಳ್ಳೋ ಮುಂಚೆ ಗಾಡಿಯ ಪಾಲಿಸಿ ಪ್ರತಿ ಕೇಳಿ, ಕೊಡದಿದ್ದರೆ ಬೇರೆ ಗಾಡಿ.

—

ಬೇ_ಏರಿಯಾ_ಬಿಸಿಬೇಳೆ:

ತಮ್ಮ ಹೇಳಿದ್ದು ಸರಿ, ಆದರೆ ಎರಡು ಬೇರೆ ವಸ್ತು ಸೇರಿಹೋಗಿದೆ, ಬಿಡಿಸಿ ಹೇಳ್ತೀನಿ. ಎಸ್‌ಆರ್-22 ಇನ್ಶೂರೆನ್ಸ್ ಅಲ್ಲ. ‘ಈ ವ್ಯಕ್ತಿಗೆ ಕನಿಷ್ಠ ಲಯಬಿಲಿಟಿ (ಬೇರೆಯವರ ನಷ್ಟಕ್ಕೆ ವಿಮೆ) ಇದೆ’ ಅಂತ ಇನ್ಶೂರೆನ್ಸ್ ಕಂಪನಿ ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒಗೆ, ಕಳಿಸೋ ಪ್ರಮಾಣಪತ್ರ ಅದು. ಕಾರಿಲ್ಲದವರು ತಗೊಳ್ಳೋ ಪಾಲಿಸಿ ಹೆಸರು ನಾನ್-ಓನರ್. ಇದನ್ನ ಕೊಂಡು, ಅದರ ಮೇಲೆ ಎಸ್‌ಆರ್-22 ಫೈಲ್ ಮಾಡಿ ಅಂತ ಕಂಪನಿಗೆ ಹೇಳಬೇಕು. ಫೈಲಿಂಗ್ ಶುಲ್ಕ ಸುಮಾರು 25 ಡಾಲರ್, ಪ್ರೀಮಿಯಂ ಬೇರೆ. ಕೊಳ್ಳುವಾಗಲೇ ಎಸ್‌ಆರ್-22 ಬೇಕು ಅಂತ ಹೇಳದಿದ್ದರೆ ಎಡವಟ್ಟು, ಎಲ್ಲ ಕಂಪನಿಯೂ ಫೈಲ್ ಮಾಡಲ್ಲ, ಪಾಲಿಸಿ ರದ್ದು ಮಾಡಿಸಿ ಮತ್ತೆ ಹುಡುಕಬೇಕು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕನಿಷ್ಠ ಮಿತಿ 30/60/15, ಅಂದರೆ ಒಬ್ಬರ ಗಾಯಕ್ಕೆ 30,000, ಒಂದು ಅಪಘಾತಕ್ಕೆ 60,000, ಆಸ್ತಿಗೆ 15,000 ಡಾಲರ್. ಮುಂಚೆ 15/30/5 ಇತ್ತು. ಸಾಮಾನ್ಯವಾಗಿ 3 ವರ್ಷ ಕಂತು ತಪ್ಪಿಸದೆ ನಡೆಸಬೇಕು. ಒಂದು ಕಂತು ತಪ್ಪಿ ಪಾಲಿಸಿ ಬಿದ್ದರೆ ಕಂಪನಿ ಡಿಎಂವಿಗೆ ತಿಳಿಸುತ್ತೆ, ಲೈಸೆನ್ಸ್ ಮತ್ತೆ ಸಸ್ಪೆಂಡ್. ಆಟೋ-ಪೇ ಹಾಕಿದ ಕಾರ್ಡಿನ ಅವಧಿ ಮುಗಿದು ಸಿಕ್ಕಿಹಾಕಿಕೊಳ್ಳೋದು ಇಲ್ಲಿ ಮಾಮೂಲು.

ಮಿತಿಯೂ ಇದೆ. ನಾನ್-ಓನರ್ ಪಾಲಿಸಿ ಅಪರೂಪಕ್ಕೆ ಎರವಲು ತಂದ ಕಾರಿಗೆ. ಒಂದೇ ಮನೆಯಲ್ಲಿರೋರ ಕಾರು, ದಿನಾ ನಿಮ್ಮ ಕೈಗೆ ಸಿಗೋ ಕಾರು ಅದರಲ್ಲಿ ಬರಲ್ಲ. ಓಡಿಸಿದ ಕಾರಿನ ಡ್ಯಾಮೇಜಿಗೂ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮವೂ ಬೇರೆ: ಟೆಕ್ಸಾಸಲ್ಲಿ 2 ವರ್ಷ, ಫ್ಲೋರಿಡಾದಲ್ಲಿ ಕುಡಿದ ಕೇಸಿಗೆ ಎಫ್‌ಆರ್-44 ಅನ್ನೋ ಬೇರೆ ಫಾರ್ಮ್, ನ್ಯೂಯಾರ್ಕಲ್ಲಿ ಎಸ್‌ಆರ್-22 ಪದ್ಧತಿಯೇ ಇಲ್ಲ. ಆ ಪಾಲಿಸಿ ತಗೊಂಡು ಬೆಂಗಳೂರಿಗೆ ಬಂದರೆ ಕೆಂಪೇಗೌಡ ಏರ್‌ಪೋರ್ಟಿನಿಂದ ಹೊರಗೆ ಅದಕ್ಕೆ ಕಾಗದದ ಬೆಲೆ. ಅಮೆರಿಕ, ಅದರ ಪ್ರಾಂತ್ಯಗಳು, ಕೆನಡಾ, ಅಲ್ಲಿಗೆ ಮುಗೀತು.

—

ಪಾಲಿಸಿ_ಪೂರ್ತಿ_ಓದಿ:

ಮೇಲಿನವೆಲ್ಲ ಸರಿ. ಆದರೆ ಪ್ರಶ್ನೆಯಲ್ಲಿ ಒಂದು ಮಾತು ಆವಾಗಿನಿಂದ ಕೊರೆಯುತ್ತಿದೆ. ‘ಹೋದ ತಿಂಗಳು ಕಾರು ಮಾರಿದ್ದೀನಿ’ ಅಂದ್ರಲ್ಲ, ಆರ್‌ಸಿ ಟ್ರಾನ್ಸ್‌ಫರ್ ಆಗಿದೆಯಾ? ಯಾರಿಗೆ ಮಾರಿದ್ದು, ನೇರವಾಗಿ ಖರೀದಿದಾರನಿಗಾ, ಡೀಲರ್‌ಗಾ? ಪರಿವಾಹನ್ ಪೋರ್ಟಲ್‌ಗೆ ಹೋಗಿ ಹಳೇ ಗಾಡಿ ನಂಬರ್ ಹಾಕಿ ನೋಡಿ.

—

ಒಂಬತ್ತನೇ_ಬ್ಲಾಕ್:

ನೇರವಾಗಿ ಮಾರಿದ್ದು. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದೆ. ಈಗ ನೋಡಿದೆ, ಮಾಲೀಕರ ಹೆಸರಿನ ಜಾಗದಲ್ಲಿ ಅರ್ಧ ಅಕ್ಷರ ಚುಕ್ಕಿ ಹಾಕಿ ಮರೆಸಿದ್ದಾರೆ, ಆದರೆ ಅದು ನನ್ನ ಹೆಸರೇ. ಇನ್ಶೂರೆನ್ಸ್ ಈ ತಿಂಗಳು 28ಕ್ಕೆ ಮುಗಿಯುತ್ತೆ. ಖರೀದಿದಾರ ‘ಮಾಡಿಸ್ತೀನಿ ಸರ್’ ಅಂತಿದ್ದಾನೆ.

—

ಪಾಲಿಸಿ_ಪೂರ್ತಿ_ಓದಿ:

ಹಾಗಾದರೆ ಕಾರಿಲ್ಲದವರು ನೀವಲ್ಲ. 2018ರ ನವೀನ್ ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದು ಇಷ್ಟು: ಕಾರು ಎಷ್ಟು ಕೈ ಬದಲಾಗಿರಲಿ, ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು. 29ನೇ ತಾರೀಖು ಆ ಖರೀದಿದಾರ ವಿಮೆ ಇಲ್ಲದ ಕಾರನ್ನ ಯಾರಿಗಾದರೂ ಗುದ್ದಿದರೆ ಅಲ್ಲಿ ಕೊಟ್ಟು ವಸೂಲಿ ಮಾಡೋಕೆ ಕಂಪನಿಯೇ ಇರಲ್ಲ. ಪೂರ್ತಿ ಹೊರೆ ನೇರ ನಿಮ್ಮ ತಲೆ ಮೇಲೆ. ಭಾವನ ಕಾರಿಗೆ ಅಂತ ಹುಡುಕುತ್ತಿದ್ದ ಅಪಾಯ ನಿಮ್ಮದೇ ಹಳೇ ಕಾರಲ್ಲಿ ಕೂತಿದೆ.

28ರೊಳಗೆ ಟ್ರಾನ್ಸ್‌ಫರ್ ಆಗದಿದ್ದರೆ ನೀವೇ ಥರ್ಡ್ ಪಾರ್ಟಿ ಮಾತ್ರ ರಿನ್ಯೂ ಮಾಡಿಸಿ. 1197 ಸಿಸಿಗೆ 3,416, ಶೇ 18 ಜಿಎಸ್‌ಟಿ ಸೇರಿ 4,031 ರೂ. ಡಿಎಲ್ ಸಸ್ಪೆಂಡ್ ಆಗಿದೆ ಅಂತ ಕಂಪನಿ ಇಲ್ಲ ಅನ್ನಲ್ಲ, ಪಾಲಿಸಿ ಗಾಡಿಗೆ. ಪ್ರೊಪೋಸಲ್‌ನಲ್ಲಿ 15 ಲಕ್ಷದ ಪಿಎ ಕೇಳೋ ಕಡೆ ‘ಚಾಲ್ತಿಯಲ್ಲಿರುವ ಡಿಎಲ್ ಇಲ್ಲ’ ಅನ್ನೋದನ್ನ ಆರಿಸಿ, ಆ ದುಡ್ಡು ಕಟ್ಟಬೇಕಿಲ್ಲ, ಕಟ್ಟಿದರೂ ಈಗ ನಿಮಗೆ ಸಿಗಲ್ಲ. ಆಮೇಲೆ ಆರ್‌ಸಿ ಬದಲಾದಾಗ ಥರ್ಡ್ ಪಾರ್ಟಿ ತಾನಾಗೇ ಕೊಂಡವರಿಗೆ ಹೋಗುತ್ತೆ. ಅವರು 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಆ 4,031ನ್ನ ಖರೀದಿದಾರನ ಹತ್ತಿರ ಕೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಸಹಿ ಹಾಕಿಕೊಟ್ಟರೆ ಮುಗೀತು ಅಂತ ಅಂದ್ಕೊಂಡಿದ್ದೇ ತಪ್ಪು. ಸೆಕ್ಷನ್ 50ರ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದ್ದು ಮಾರಿದವರು, ಅಂದರೆ ನೀವು. ಫಾರ್ಮ್ 29ರ ನಕಲು, ಡೆಲಿವರಿ ಕೊಟ್ಟ ತಾರೀಖು ಮತ್ತು ಹೊತ್ತು ಬರೆದು ಖರೀದಿದಾರ ಸಹಿ ಹಾಕಿದ ಚೀಟಿ, ಅವನ ಆಧಾರ್ ಪ್ರತಿ ಇಟ್ಟುಕೊಂಡು ನಾಳೆಯೇ ಕಚೇರಿಗೆ ಹೋಗಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕಾರಿಗೆ ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಕೊಟ್ಟಿದ್ದೀರಾ ನೋಡಿ, ಟ್ರಾನ್ಸ್‌ಫರ್ ನಿಲ್ಲೋದು ಹೆಚ್ಚಾಗಿ ಅಲ್ಲೇ. ಇಲ್ಲಾಂದ್ರೆ ಬಾಕಿ ಟ್ರಾಫಿಕ್ ದಂಡದಲ್ಲಿ.

ಟ್ರಾನ್ಸ್‌ಫರ್ ಆದ ಮೇಲೆ ಹಳೇ ಕಂಪನಿಗೆ ಹೊಸ ಆರ್‌ಸಿ ಪ್ರತಿ ಕಳಿಸಿ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಸಿಗೋ ನೋ ಕ್ಲೇಮ್ ಬೋನಸ್) ರಿಟೆನ್ಶನ್ ಪತ್ರ ಕೇಳಿ ಇಟ್ಟುಕೊಳ್ಳಿ. ಎನ್‌ಸಿಬಿ ಗಾಡಿ ಜೊತೆ ಹೋಗಲ್ಲ, ನಿಮ್ಮ ಜೊತೆ ಉಳಿಯುತ್ತೆ, 3 ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20ರಿಂದ 50ರವರೆಗೆ ಇಳಿಕೆ. ಕಾರಿಲ್ಲದೆ ನಿಮ್ಮ ಹೆಸರಲ್ಲಿ ಇರಬಹುದಾದ ಮೋಟಾರ್ ಇನ್ಶೂರೆನ್ಸ್ ಕಾಗದ ನಮ್ಮಲ್ಲಿ ಅದೊಂದೇ. ಆದರೆ ಮೊದಲು 28ರ ಕೆಲಸ.